ಟೀಚರ ಮುತ್ತಜ್ಜನ ಮೊದಲ ಹೆಂಡತಿ

ಕಳೆದ ವಾರ ಮಗಳ ಮನೆಗೆ ಹೋದಾಗ ಅವಳು ಮೆಕ್ಕೆಜೋಳದ ಹಿಟ್ಟಿನ ಬ್ರೆಡ್ ಮಾಡುತ್ತಿದ್ದಳು. ಬೆಣ್ಣೆ ಕರಗಿ ಕಬ್ಬಿಣದ ಬಾಣಲೆಯ ಅಂಚಿನಲ್ಲಿ ತುಸು ಕರಟಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಗಲ್ಫಿನಲ್ಲಿದ್ದಾಗಿನ ಅಲ್ ಖೋರಿನ ನಮ್ಮ ಪಕ್ಕದ ಮನೆಯ ಅಡುಗೆಕೋಣೆ ಕಣ್ಣೆದುರು ಬಂತು...

ಆ ಮನೆಯಾಕೆ ಅಮೆರಿಕದವರು. ಅವರ ಗಂಡ ರಾಸ್ ಲಫಾನಿನ ಗ್ಯಾಸ್ ಕಾರ್ಖಾನೆಯಲ್ಲಿ ಎಂಜಿನಿಯರ್. ನನ್ನ ಗಂಡ ಅವರ ಕೈಕೆಳಗೆ ಕೆಲಸಕ್ಕಿದ್ದರು. ಆಕೆ ಶಾಲೆಯಲ್ಲಿ ನನ್ನ ಮಗಳಿಗೆ ಪಾಠ ಹೇಳುತ್ತಿದ್ದುದರಿಂದ ಮನೆಮಂದಿಗೆಲ್ಲ ಅವರು ಟೀಚರ್.

ಶಾಲೆ ಬಿಟ್ಟ ಮೇಲೆ ಟೀಚರ್ ಕಂಪ್ಯೂಟರ್ ಮುಂದೆ ಕೂತು ತಮ್ಮ ಮುತ್ತಜ್ಜನ ವಂಶ ಹುಡುಕುತ್ತಿದ್ದರು. ಎತ್ತಿನ ಗಾಡಿ ಹೂಡಿಕೊಂಡು ಅಮೆರಿಕದ ಪಶ್ಚಿಮಕ್ಕೆ ಹೋಗಿ, ಮರವೇ ಇಲ್ಲದ ಹುಲ್ಲುಬಯಲಿನಲ್ಲಿ ಮಣ್ಣುಹೆಂಟೆಯ ಮನೆ ಕಟ್ಟಿ ನೆಲೆನಿಂತವರು ಆ ಮುತ್ತಜ್ಜ. ಮೊದಲ ಹೆಂಡತಿ, ಎರಡು ಮಕ್ಕಳು ದಾರಿಯಲ್ಲೇ ಜ್ವರದಿಂದ ತೀರಿಕೊಂಡರು, ಅವರನ್ನು ಅಲ್ಲೇ ಮಣ್ಣುಮಾಡಿ ಒಬ್ಬರೇ ಮುಂದೆ ನಡೆದರು, ಅಲ್ಲಿ ಇನ್ನೊಂದು ಮದುವೆಯಾದರು ಎಂಬುದು ಮನೆಯ ಕಥೆ. ಟೀಚರ್ ಎರಡನೆಯ ಹೆಂಡತಿಯ ಕಡೆಯವರು. ಟೀಚರ ಊರಿನಲ್ಲಿ ಮುತ್ತಜ್ಜನ ಹೆಸರಿನಲ್ಲಿ ಒಂದು ನೆನಪಿನ ಕಲ್ಲು ನಿಲ್ಲಿಸುವ ತಯಾರಿ ನಡೆದಿತ್ತು. ಟೀಚರ ತಮ್ಮನದೇ ಮುಂದಾಳತ್ವ. ದಾರಿಯಲ್ಲಿ ಸತ್ತವರ ಸಂಗತಿಯೂ ಕಲ್ಲಿನ ಮೇಲೆ ಬರಬೇಕಿತ್ತು. ಆ ಸಮಾಧಿ ಎಲ್ಲಿದೆಯೆಂದು ಯಾರಿಗಾದರೂ ಗೊತ್ತಿದೆಯೇ ಎಂದು ಟೀಚರ್ ಇಂಟರ್ನೆಟ್ಟಿನಲ್ಲಿ ಕೇಳಿ, ತಮ್ಮ ಫೋನ್ ನಂಬರನ್ನೂ ಕೊಟ್ಟಿದ್ದರು.

ಒಂದು ಸಂಜೆ ನಾನು ಟೀಚರ ಮನೆಯಿಂದ ಮಗಳನ್ನು ಕರೆತರಲು ಹೋಗಿದ್ದಾಗ ಅವರಿಗೆ ಫೋನ್ ಬಂತು. ನಗುತ್ತಾ ಮಾತು ಶುರುಮಾಡಿದ ಟೀಚರ ನಗು ಅರ್ಧದಲ್ಲೇ ನಿಂತಿತು.

"ಆ ಮಕ್ಕಳ ಹೆಸರು ಹೇಳಿ" ಎಂದರು. ಕೇಳಿಸಿಕೊಂಡು, ಬರೆದಿಟ್ಟಿದ್ದ ಹೆಸರುಗಳ ಮೇಲೆ ಬೆರಳಾಡಿಸಿದರು. ಆಮೇಲೆ, "ಅವರ ಎಡಗೈ ಹೇಗಿತ್ತು?" ಎಂದು ಮೆಲ್ಲನೆ ಕೇಳಿದರು. ಮುತ್ತಜ್ಜನಿಗೆ ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ. ಮನೆಯವರಿಗಷ್ಟೇ ಗೊತ್ತಿದ್ದ ವಿಷಯ ಅದು. ಆ ಕಡೆಯವರು ಅದನ್ನೂ ಹೇಳಿಬಿಟ್ಟರು.

ಬ್ರೆಡ್ ಸೀಯುತ್ತಿತ್ತು. ನಾನೇ ಹೋಗಿ ಓವನ್ ಆರಿಸಿದೆ.

"ಅವಳು ಸತ್ತಿರಲಿಲ್ಲ" ಎಂದರು ಟೀಚರ್, ಫೋನ್ ಇಟ್ಟು.

ಫೋನ್ ಮಾಡಿದವರು ಆ ಮೊದಲ ಹೆಂಡತಿಯ ಮರಿಮಗಳು. ಮುಂದಿನ ವಸಂತಕ್ಕೆ ಕರೆಸಿಕೊಳ್ಳುತ್ತೇನೆಂದು ಹೇಳಿ ಮುತ್ತಜ್ಜ ಒಬ್ಬರೇ ಹೊರಟಿದ್ದರಂತೆ. ಮತ್ತೆ ಸುದ್ದಿಯೇ ಇಲ್ಲ.

ನನ್ನ ಅಜ್ಜ ಕೊಲಂಬೋಗೆ ಹೋದವರು ಬರಲೇ ಇಲ್ಲ, ಊರವರು ಏನಂದರೂ ಅಜ್ಜಿ ಕರಿಮಣಿ ತೆಗೆಯಲಿಲ್ಲ ಎಂದು ಆಗ ಯಾಕೆ ಹೇಳಿದೆನೋ... ಟೀಚರ್ ನನ್ನ ಮುಖ ನೋಡಿದರು. "ಕಾದರಾ?"

"ಕೊನೆವರೆಗೂ."

ಆ ದಿನದಿಂದ ಪಕ್ಕದ ಮನೆಯಲ್ಲಿ ಸಂಜೆಯಾದರೆ ಜಗಳ. ದಾರಿಯಲ್ಲಿ ಸತ್ತರೆಂಬ ಸಾಲು ಕಲ್ಲಿನ ಮೇಲೆ ಬರಕೂಡದು ಎಂದು ಟೀಚರ್. ಗುರುತಿಲ್ಲದ ಹೆಂಗಸಿನ ಮಾತು ಕೇಳಿ ಹಿರಿಯರ ಮಾನ ತೆಗೆಯಬೇಡ ಎಂದು ಫೋನಿನ ಆ ತುದಿಯಲ್ಲಿ ತಮ್ಮ. ಗೋಡೆಯಾಚೆಯಿಂದ ಟೀಚರ ದನಿ ಏರುವುದು, ಥಟ್ಟನೆ ನಿಲ್ಲುವುದು ನಮಗೆ ಕೇಳುತ್ತಿತ್ತು. ನಾನು ಹೋಗಲು ಎದ್ದರೆ ನನ್ನ ಗಂಡ ತಡೆಯುತ್ತಿದ್ದರು. "ನೀನು ನಡುವೆ ಹೋಗ್ಬೇಡ ಮಾರಾಯ್ತಿ. ಅವರ ಗಂಡ ನನ್ನ ಬಾಸ್. ನಾಳೆ ಹೆಚ್ಚುಕಮ್ಮಿ ಆದ್ರೆ ನಮ್ಮ ತಲೆಗೆ ಬರ್ತದೆ."

ಆದರೂ ಕಲ್ಲು ನಿಲ್ಲಿಸುವ ಸಮಾರಂಭಕ್ಕೆಂದು ಟೀಚರ್ ಊರಿಗೆ ಹೊರಟ ದಿನ ಗೇಟಿನ ತನಕ ಹೋದೆ. ಕಲ್ಲು ಕೆತ್ತಿ ಆಗಿತ್ತು, ಆ ಸಾಲಿನ ಸಮೇತ. "ತಮ್ಮ ಬರಬೇಡ ಅಂದಿದ್ದಾನೆ" ಎಂದರು. "ಅದರ ಮುಂದೆ ನಿಂತು ಇದು ಸುಳ್ಳು ಅಂತ ಹೇಳಿಯೇ ಬರುತ್ತೇನೆ." ಸೂಟ್‌ಕೇಸ್ ಎತ್ತಿ ಕಾರಿನಲ್ಲಿಟ್ಟರು.

ಹೇಳಿಯೇ ಬಂದರು. ತಮ್ಮ ಬೆನ್ನು ತಿರುಗಿಸಿ ನಡೆದುಬಿಟ್ಟನಂತೆ. ಅಲ್ಲಿಂದ ಟೀಚರ್ ನೇರವಾಗಿ ಫೋನ್ ಮಾಡಿದ್ದ ಆ ಹೆಂಗಸಿನ ಊರಿಗೆ ಹೋಗಿ, ಮೊದಲ ಹೆಂಡತಿಯ ಸಮಾಧಿಗೆ ಹೂವಿಟ್ಟು ಬಂದಿದ್ದರು. ಅಷ್ಟನ್ನೇ ಹೇಳಿದರು. ಆಮೇಲೆ ಫೋನ್ ರಿಂಗಾದಾಗಲೆಲ್ಲ ದಡಬಡಿಸಿ ಎದ್ದು ಓಡುತ್ತಿದ್ದರು. ತಮ್ಮನದಾಗಿರುತ್ತಿರಲಿಲ್ಲ.

ಅವರ ಗಂಡ ನಿವೃತ್ತರಾದ ಮೇಲೆ ಅವರು ಅಮೆರಿಕಕ್ಕೆ ಹೋದರು. ನಾವೂ ಕೆಲವು ವರ್ಷಕ್ಕೆ ಮಂಗಳೂರಿಗೆ ಬಂದೆವು.

ಟೀಚರ್ ತೀರಿಹೋದರೆಂದು ಅವರ ಗಂಡ ನನ್ನ ಮಗಳಿಗೆ ತಿಳಿಸಿದ್ದಾರೆ. ಬ್ರೆಡ್ ಕತ್ತರಿಸುತ್ತಾ ಅವಳು ಹೇಳಿದಾಗಲೇ ನನಗೆ ಗೊತ್ತಾದದ್ದು. ಅಂತ್ಯಸಂಸ್ಕಾರಕ್ಕೆ ತಮ್ಮ ಬರಲಿಲ್ಲವಂತೆ. ಮೊದಲ ಹೆಂಡತಿಯ ಆ ಮರಿಮಗಳು ಕೋಲೂರಿಕೊಂಡು ಅಷ್ಟು ದೂರದಿಂದ ಬಂದು ಮೊದಲ ಸಾಲಿನಲ್ಲಿ ಕೂತಿದ್ದರಂತೆ. ನೀವು ಏನಾಗಬೇಕು ಎಂದು ಯಾರೋ ಕೇಳಿದ್ದಕ್ಕೆ, "ಮನೆಯವಳು" ಎಂದರಂತೆ.

ತಮ್ಮನ ಕರೆಗಾಗಿ ಟೀಚರ್ ಎಷ್ಟು ವರ್ಷ ಕಾದರೋ... ಕೇಳೋಣವೆಂದರೆ ಈಗ ಅವರಿಲ್ಲ.