ನಾಲ್ವರ ಬಾಯಿ, ಒಂದೇ ಟೈಪ್‌ರೈಟರ್

ಹೇಳಿಕೆಯಮ್ಮನಿಗೆ ಸಿಟ್ಟು ಬಂದರೆ ಮೊದಲು ಗೊತ್ತಾಗುವುದು ಪಾತ್ರೆಗಳಿಗೆ. ಆ ಶನಿವಾರ ಬೆಳಿಗ್ಗೆ ಎರಡು ಲೋಟ, ಒಂದು ಮುಚ್ಚಳ ನೆಲ ಕಂಡ ಮೇಲೆ ಗಡಿಯಾರ ರಿಪೇರಿ ಮಾಡುವ ಆಕೆಯ ಯಜಮಾನರು, ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಗಾಜು ತೆಗೆಯದೆಯೇ, "ಈಗ ಯಾರ ಟೈಮು ಕೆಟ್ಟಿತು?" ಎಂದು ಕೇಳಿದರು.

ಆಕೆ ಬಾಗಿಲ ಸಂದಿಯಲ್ಲಿ ಯಾರೋ ತೂರಿಸಿ ಹೋಗಿದ್ದ ಕರಪತ್ರವನ್ನು ಅವರ ಮುಂದಿದ್ದ ಮುಳ್ಳು, ಚಕ್ರ, ತಿರುಪುಗಳ ಮೇಲೆಯೇ ಇಟ್ಟರು. ಭಾನುವಾರ ಸಂಜೆ ನಾಲ್ಕಕ್ಕೆ ವಾಚನಾಲಯದ ಸಭಾಂಗಣದಲ್ಲಿ ಉಪನ್ಯಾಸ. ವಿಷಯ: ಬೈಬಲ್ಲಿನ ನಾಲ್ಕು ಸುವಾರ್ತೆಗಳು, ಒಂದಕ್ಕೊಂದು ತಾಳೆಯಾಗದ ಕಟ್ಟುಕತೆ. ಉಪನ್ಯಾಸಕ ಬೇರೆ ಯಾರೂ ಅಲ್ಲ, ಆಕೆಯ ಸ್ವಂತ ಅಕ್ಕನ ಮಗ. ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವವನು. ಅವನಿಗೆ ಮೊದಲ ಅಕ್ಷರ ತಿದ್ದಿಸಿದ್ದು ಇದೇ ಚಿಕ್ಕಮ್ಮ, ಇದೇ ಅಡುಗೆಮನೆಯಲ್ಲಿ.

"ಸುಳ್ಳು ಅಂದಿದ್ದರೂ ಸಹಿಸ್ಕೋತಿದ್ದೆ," ಎಂದರು ಆಕೆ. "ತಾಳೆ ಆಗಲ್ಲ, ಅದಕ್ಕೇ ಸುಳ್ಳು ಅಂತಾನಂತೆ. ಇವನೇನು ಯಾವತ್ತಾದರೂ ಸಾಕ್ಷಿಯ ಮುಖ ನೋಡಿದಾನಾ?"

ಆಕೆ ನೋಡಿದ್ದರು. ಈಚೆಗೆ ನಿವೃತ್ತರಾಗುವವರೆಗೆ ಬಸ್ ಕಂಪನಿಯ ವಿಚಾರಣಾ ವಿಭಾಗದಲ್ಲಿ ಮೂವತ್ತೈದು ವರ್ಷ ಆಕೆಗಿದ್ದದ್ದು ಒಂದೇ ಕೆಲಸ: ಬಸ್ಸು ಎಲ್ಲಾದರೂ ಗುದ್ದಿದಾಗ, ಕಂಡವರನ್ನು ಕೂರಿಸಿಕೊಂಡು ಅವರ ಹೇಳಿಕೆ ಬರೆದುಕೊಳ್ಳುವುದು. ಹೇಳಿಕೆಯಮ್ಮ ಎಂಬ ಹೆಸರು ಬಂದದ್ದೂ ಅದರಿಂದಲೇ. ಡಿಪೋದ ಹಿಂಭಾಗದಲ್ಲಿ ಡೀಸೆಲ್ ವಾಸನೆಯ ಒಂದು ಕೋಣೆ, ಮೇಜು, ಟೈಪ್‌ರೈಟರ್, ಎರಡು ಕುರ್ಚಿ. ಮೂರನೆಯ ಕುರ್ಚಿಯನ್ನು ಬೇಕೆಂದೇ ಇಟ್ಟಿರಲಿಲ್ಲ. ಒಬ್ಬ ಸಾಕ್ಷಿ ಒಳಗಿದ್ದರೆ ಉಳಿದವರು ಹಳೇ ಟಯರುಗಳ ರಾಶಿಯ ಆಚೆ, ಮಾತು ಕಿವಿಗೆ ಬೀಳದಷ್ಟು ದೂರದಲ್ಲಿ ಕಾಯಬೇಕು. ಅಷ್ಟು ವರ್ಷಗಳಲ್ಲಿ ಇಬ್ಬರು ಒಂದೇ ರೀತಿ ಹೇಳಿದ್ದನ್ನು ಆಕೆ ಕೇಳಲೇ ಇಲ್ಲ. ಒಂದೇ ಸೀಟಿನಲ್ಲಿ ಕೂತು ಬಂದ ಗಂಡ ಹೆಂಡತಿ, ಎದುರಿಗೆ ಬಂದದ್ದು ಲಾರಿಯೋ ವ್ಯಾನೋ ಎಂದು ಆಕೆಯ ಮೇಜಿನ ಮುಂದೆಯೇ ಮಾತು ಬಿಟ್ಟಿದ್ದುಂಟು. ಗುದ್ದಿದ್ದು ಮಾತ್ರ ಗುದ್ದಿತ್ತು. ಅದಕ್ಕೆ ಇಬ್ಬರ ಹಣೆಯ ಮೇಲೂ ಪುರಾವೆ ಇತ್ತು.

ಹಾಗಾಗಿ ಆಕೆ ಆ ಸುವಾರ್ತೆಗಳನ್ನು ಬರೆದ ಮತ್ತಾಯ, ಮಾರ್ಕ, ಲೂಕ, ಯೋಹಾನರನ್ನು ಓದುತ್ತಿದ್ದದ್ದು ಭಕ್ತಿಯಿಂದ ಎಷ್ಟೋ, ಕಸುಬಿನ ಕಣ್ಣಿನಿಂದಲೂ ಅಷ್ಟೇ. ನಾಲ್ಕು ಫೈಲು, ಒಂದು ಘಟನೆ. ಒಬ್ಬನಿಗೆ ಹೆಸರುಗಳ ನೆನಪು, ಇನ್ನೊಬ್ಬನಿಗೆ ಅವಸರ, ಮತ್ತೊಬ್ಬ ವಿಚಾರಿಸಿ ಬರೆದವನು, ಕೊನೆಯವನು ಹತ್ತಿರ ನಿಂತು ನೋಡಿದವನ ಹಾಗೆ ಸಣ್ಣಸಣ್ಣದ್ದನ್ನೂ ಬಿಡದವನು. ಇಂಥ ನಾಲ್ಕು ಹೇಳಿಕೆ ತನ್ನ ಮೇಜಿಗೆ ಬಂದಿದ್ದರೆ ಕಣ್ಣು ಮುಚ್ಚಿ ಮೊಹರು ಒತ್ತುತ್ತಿದ್ದೆ ಎಂದು ಯಜಮಾನರ ಹತ್ತಿರ ಎಷ್ಟೋ ಸಲ ಹೇಳಿದ್ದರು. ಕಣ್ಣು ಮುಚ್ಚಿಕೊಂಡರೆ ಮೊಹರು ಬೆರಳ ಮೇಲೆ ಬೀಳುತ್ತದೆ ಎಂದು ಅವರೂ ಅಷ್ಟೇ ಸಲ ಹೇಳಿದ್ದರು.

ಉಪನ್ಯಾಸಕ್ಕೆ ಹೋಗಬೇಕೆಂಬ ಸಿಟ್ಟು ಇತ್ತು. ಹೋಗಲು ಕಾಲು ಬರಲಿಲ್ಲ. ಅದಕ್ಕೆ ಕಾರಣ ಅಕ್ಕನ ಮಗನಲ್ಲ, ವಾಚನಾಲಯದ ಅಟೆಂಡರ್.

ಆತನನ್ನು ಎಲ್ಲರೂ ಕರೆಯುತ್ತಿದ್ದದ್ದು ಗಿಳಿಪಾಠ ಎಂದು. ಪುಸ್ತಕಕ್ಕೆ ಮುದ್ರೆ ಹಾಕುವುದು, ಕುರ್ಚಿ ಜೋಡಿಸುವುದು, ಉದ್ದ ಕೋಲಿನಿಂದ ಮೇಲಿನ ಕಿಟಕಿ ತೆರೆಯುವುದು ಆತನ ಕೆಲಸ. ಆ ಹೆಸರು ಎಲ್ಲಿಂದ ಬಂತೆಂದು ಈಗಿನವರಿಗೆ ಗೊತ್ತಿಲ್ಲ. ಹೇಳಿಕೆಯಮ್ಮನಿಗೆ ಗೊತ್ತಿತ್ತು, ಏಕೆಂದರೆ ಅದನ್ನು ಹುಟ್ಟಿಸಿದ್ದು ಆಕೆಯ ಹತ್ತು ಬೆರಳು.

ಮೂವತ್ತನಾಲ್ಕು ವರ್ಷದ ಹಿಂದೆ ಆತ ಬಸ್ ಡ್ರೈವರ್. ಒಂದು ಮಧ್ಯಾಹ್ನ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಕೆಳಗೆ ಶಾಲೆ ಬಿಟ್ಟ ಹೊತ್ತು. ಆತ ಬಸ್ಸನ್ನು ಗೋಡೆಗೆ ಉಜ್ಜಿ ನಿಲ್ಲಿಸಿದ. ಗೋಡೆ ಹೋಯಿತು, ಆತನ ಎರಡು ಪಕ್ಕೆಲುಬು ಹೋದವು, ಒಂದು ಮಗುವಿಗೂ ಏನೂ ಆಗಲಿಲ್ಲ. ಬ್ರೇಕು ಕೆಟ್ಟಿದೆಯೆಂದು ಆತ ಮೂರು ದಿನದಿಂದ ಹೇಳುತ್ತಿದ್ದದ್ದನ್ನು ಕೇಳದಿದ್ದ ಕಂಪನಿಗೆ ಈಗ ತಪ್ಪು ಡ್ರೈವರನದೇ ಆಗಬೇಕಿತ್ತು, ತೂಕಡಿಸಿದ್ದ ಎಂದಿತು. ಕಂಡಕ್ಟರ್, ಒಬ್ಬಳು ಟೀಚರ್, ತರಕಾರಿ ಮಾರುವವಳು, ರಸ್ತೆಬದಿಯ ಚಮ್ಮಾರ, ಹೀಗೆ ನಾಲ್ವರು ಸಾಕ್ಷಿಗಳು ಬಂದರು. ಆತ ಕೂಗಿದ ಎಂದ ಒಬ್ಬ. ಹಾರ್ನ್ ಹೊಡೆದ ಎಂದಳು ಇನ್ನೊಬ್ಬಳು. ಒಬ್ಬನಿಗೆ ಅದು ಎರಡು ಗಂಟೆ, ಇನ್ನೊಬ್ಬಳಿಗೆ ಮೂರೂವರೆ. ಎಲ್ಲರ ಮಾತಿನ ತಿರುಳು ಒಂದೇ: ಆತ ಎಚ್ಚರವಿದ್ದ, ಮಕ್ಕಳನ್ನು ಉಳಿಸಿದ.

ಹೇಳಿಕೆಯಮ್ಮ ಆಗ ಕೆಲಸಕ್ಕೆ ಸೇರಿ ವರ್ಷವಾಗಿತ್ತಷ್ಟೆ. ಟೈಪಿಂಗ್ ಕಲಿಸಿದ್ದು ಕಾನ್ವೆಂಟಿನ ಸಿಸ್ಟರುಗಳು. ಅಂಚು ಒಂದು ಕೂದಲು ವಾರೆಯಾದರೆ ಹಾಳೆ ಹರಿಯುತ್ತಿದ್ದವರು. ಈ ವಾರೆವಾರೆ ಹೇಳಿಕೆಗಳನ್ನು ಕಂಡು ಆಕೆಗೆ ಆ ಡ್ರೈವರನ ಮೇಲೆ ಕನಿಕರ ಉಕ್ಕಿತು. ಇಷ್ಟು ಅಡ್ಡಾದಿಡ್ಡಿ ಇದ್ದರೆ ಸಾಹೇಬರು ನಂಬುತ್ತಾರೆಯೇ? ಯಾರೂ ಕೇಳದಿದ್ದರೂ ನಾಲ್ಕನ್ನೂ ತಿದ್ದಿ, ತೀಡಿ, ಒಂದೇ ಗಂಟೆ, ಒಂದೇ ಕೂಗು, ಒಂದೇ ವಾಕ್ಯ ಮಾಡಿ ಟೈಪ್ ಮಾಡಿದರು. ಸಾಕ್ಷಿಗಳು ಓದದೆ ಸಹಿ ಹಾಕಿದರು. ಚಮ್ಮಾರ ಹೆಬ್ಬೆಟ್ಟು ಒತ್ತಿದ.

ವಿಚಾರಣಾಧಿಕಾರಿ ನಾಲ್ಕೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನಕ್ಕ. ಇದು ಹೇಳಿಕೆಯಲ್ಲ, ಹೇಳಿಕೊಟ್ಟದ್ದು. ಡ್ರೈವರ್ ಗಿಳಿಪಾಠ ಮಾಡಿಸಿ ಕಳಿಸಿದ್ದಾನೆ ಎಂದು ನಾಲ್ಕನ್ನೂ ಬದಿಗಿಟ್ಟ. ಆತನ ಕೆಲಸ ಹೋಯಿತು, ಲೈಸೆನ್ಸ್ ಹೋಯಿತು, ಹೆಸರು ಉಳಿಯಿತು. ಕಂಡಕ್ಟರ್ ಆತನ ಹೆಂಡತಿಯ ತಮ್ಮ. ಭಾವನಿಗೆ ಉಪಕಾರ ಮಾಡಲು ಹೋಗಿ ಇವನೇ ಉಳಿದವರಿಗೆ ಬಾಯಿಪಾಠ ಮಾಡಿಸಿದ ಎಂದು ಆತ ನಂಬಿದ. ಅಂದಿನಿಂದ ಎರಡು ಮನೆಗಳ ನಡುವೆ ಮಾತಿಲ್ಲ. ಹೇಳಿಕೆಯಮ್ಮ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಆಕೆಯ ಕೆಲಸ ಹೋಗುತ್ತಿತ್ತು. ಆಮೇಲಿನ ಮೂವತ್ತನಾಲ್ಕು ವರ್ಷ ಸಾಕ್ಷಿಯ ಬಾಯಿಂದ ಬಂದ ಒಂದಕ್ಷರವನ್ನೂ ತಿದ್ದಲಿಲ್ಲ, ಅಷ್ಟೇ. ಪುಸ್ತಕ ತರಲು ಹೋದಾಗ ಆತ ಮುದ್ರೆ ಒತ್ತಿ "ನಮಸ್ಕಾರ ಮೇಡಂ" ಎನ್ನುತ್ತಿದ್ದ. ಆ ನಮಸ್ಕಾರ ಆಕೆಗೆ ಮನೆ ಮುಟ್ಟುವವರೆಗೂ ಚುಚ್ಚುತ್ತಿತ್ತು.

ಕೊನೆಗೆ ಭಾನುವಾರ ಹೋದರು. ಬಾಯಿ ಬಿಡುವುದಿಲ್ಲ ಎಂದು ಯಜಮಾನರಿಗೆ ಮಾತು ಕೊಟ್ಟೇ ಹೋದರು.

ಸಭಾಂಗಣದಲ್ಲಿ ನಲವತ್ತು ಜನ. ಅಕ್ಕನ ಮಗ ಗೋಡೆಗೆ ದೊಡ್ಡ ತಖ್ತೆ ತೂಗುಹಾಕಿದ್ದ. ನಾಲ್ಕು ಅಂಕಣ, ತುಂಬ ಕೆಂಪು ಗೆರೆ. ಶಿಲುಬೆಯ ಮೇಲೆ ಸತ್ತ ಗುರುವಿನ ಸಮಾಧಿಗೆ ಹೋದ ಹೆಂಗಸರು ಒಬ್ಬನ ಪ್ರಕಾರ ಇಬ್ಬರು, ಇನ್ನೊಬ್ಬನ ಪ್ರಕಾರ ಮೂವರು, ಮತ್ತೊಬ್ಬನಿಗೆ ಇನ್ನೂ ಹೆಚ್ಚು, ಕೊನೆಯವನು ಹೆಸರಿಸುವುದು ಒಬ್ಬಳನ್ನೇ. ದೂತ ಇಲ್ಲಿ ಒಬ್ಬ, ಅಲ್ಲಿ ಇಬ್ಬರು. ಒಂದೊಂದು ವ್ಯತ್ಯಾಸಕ್ಕೂ ಕೋಲಿನಿಂದ ಬಡಿಯುತ್ತಿದ್ದ; ಜನ ನಗುತ್ತಿದ್ದರು. ಅದೂ ಸಾಲದು ಎನ್ನುವಂತೆ, ಇದೆಲ್ಲ ಬರೆದದ್ದು ಘಟನೆಯಾಗಿ ಮೂವತ್ತು ನಲವತ್ತು ವರ್ಷದ ಮೇಲೆ, ಅಷ್ಟು ವರ್ಷ ಯಾರಿಗೆ ಏನು ನೆನಪಿರುತ್ತದೆ ಎಂದ. ನಾಲ್ವರು ಸಾಕ್ಷಿಗಳು ನಾಲ್ಕು ರೀತಿ ಹೇಳಿದರೆ ಯಾವ ವಿಚಾರಣೆಯಲ್ಲಾದರೂ ಕೇಸು ಬಿದ್ದುಹೋಗುತ್ತದೆ ಎಂದ.

ವಿಚಾರಣೆ ಎಂಬ ಮಾತು ಕಿವಿಗೆ ಬಿದ್ದದ್ದೇ ಹೇಳಿಕೆಯಮ್ಮನ ಬ್ರೇಕೂ ಹಿಡಿಯಲಿಲ್ಲ. ಎದ್ದು ನಿಂತರು.

"ತಪ್ಪು," ಎಂದರು. "ಬಿದ್ದುಹೋಗೋದು ನಾಲ್ವರೂ ಒಂದೇ ಥರ ಹೇಳಿದಾಗ. ಮೂವತ್ತೈದು ವರ್ಷ ಅದೇ ಕೆಲಸ ಮಾಡಿದೀನಿ ನಾನು."

ಅವನು ಸಭೆಯ ಕಡೆ ನೋಡಿ ಮುಗುಳ್ನಕ್ಕ. "ಚಿಕ್ಕಮ್ಮ, ಅದು ನಿಮ್ಮ ನಂಬಿಕೆ. ಚರಿತ್ರೆಗೆ ಪುರಾವೆ ಬೇಕು. ಹಾಗೆ ಒಂದೇ ಥರ ಹೇಳಿದ್ದಕ್ಕೆ ಬಿದ್ದುಹೋದ ಒಂದು ಕೇಸು, ಒಂದೇ ಒಂದು, ತೋರಿಸಿ ನೋಡೋಣ."

ಪಕ್ಕದ ಗೋಡೆಯ ಹತ್ತಿರ ಗಿಳಿಪಾಠ ಕೋಲು ಹಿಡಿದು ಕಿಟಕಿ ಎಳೆಯುತ್ತಿದ್ದ. ಆತನ ಬೆನ್ನು ಸಭೆಯ ಕಡೆಗಿತ್ತು. ಹೇಳಿಕೆಯಮ್ಮ ಆ ಬೆನ್ನನ್ನು ನೋಡಿದರು, ತಖ್ತೆಯ ಕೆಂಪು ಗೆರೆಗಳನ್ನು ನೋಡಿದರು. ಈಗ ಕೂತುಬಿಟ್ಟರೆ ತನ್ನ ಮಾನ ಉಳಿಯುತ್ತದೆ. ಆ ಪುಸ್ತಕದ ಮಾನ, ಇನ್ನೊಂದು ಸಲ ಆ ಮನುಷ್ಯನ ಮಾನ, ಎರಡೂ ಇದೇ ಕೋಣೆಯಲ್ಲಿ ಹೋಗುತ್ತವೆ. ಅದೂ ಒಂದೇ ಬಗೆಯ ಹುಸಿತರ್ಕದಿಂದ. ಆಗ ಒಬ್ಬ ಅಧಿಕಾರಿ ಒಂದೇ ರೀತಿ ಇದೆಯೆಂದು ಎಸೆದ. ಈಗ ಒಬ್ಬ ಪಂಡಿತ ಬೇರೆಬೇರೆ ಇದೆಯೆಂದು ಎಸೆಯುತ್ತಿದ್ದಾನೆ. ಎಸೆಯಲೇಬೇಕು ಎಂದು ಕೂತವರ ಮುಂದೆ ಸಾಕ್ಷಿ ಇನ್ನೇನು ಹೇಳಬೇಕು?

"ತೋರಿಸ್ತೀನಿ," ಎಂದರು. "ಕೇಸು ಅಲ್ಲಿ ನಿಂತಿದೆ. ಕಿಟಕಿ ಹತ್ತಿರ."

ಹೇಳಿದರು. ಇಳಿಜಾರು, ಗೋಡೆ, ಚಮ್ಮಾರನ ಹೆಬ್ಬೆಟ್ಟು, ಅಚ್ಚುಕಟ್ಟಾದ ನಾಲ್ಕು ಹಾಳೆ, ಅಧಿಕಾರಿಯ ನಗು, ಎಲ್ಲ. ಸಾಕ್ಷಿಗಳಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ, ಆ ಕಂಡಕ್ಟರ್ ನಿರಪರಾಧಿ, ಸತ್ಯವನ್ನು ಇಸ್ತ್ರಿ ಮಾಡಲು ಹೋಗಿ ಸುಟ್ಟುಹಾಕಿದವಳು ನಾನು ಎಂದರು.

ಆಮೇಲೆ ಅಕ್ಕನ ಮಗನ ಕಡೆ ತಿರುಗಿದರು.

"ಈಗ ಹೇಳಪ್ಪ. ಇದನ್ನ ನಾನು ಕಟ್ಟಿ ಹೇಳಿದೆ ಅನ್ನಿಸ್ತಾ ನಿನಗೆ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಯಾಕೆ ಅನ್ನಿಸಲಿಲ್ಲ? ಕಟ್ಟೋಳಾಗಿದ್ರೆ ನನ್ನನ್ನೇ ಒಳ್ಳೇಳು ಮಾಡಿ ಕಟ್ಟುತಿದ್ದೆ, ಅದಕ್ಕೆ. ಪೇತ್ರ ಆ ಶಿಷ್ಯರಿಗೆಲ್ಲ ಹಿರಿಯ. ಅವನು ಒಬ್ಬ ಕೆಲಸದವಳಿಗೆ ಹೆದರಿ, ತನ್ನ ಗುರುವನ್ನೇ ನನಗೆ ಗೊತ್ತಿಲ್ಲ ಅಂದನಂತೆ. ಅದನ್ನ ನಾಲ್ವರೂ ಬರೆದಿದಾರೆ, ಒಬ್ಬನೂ ಮುಚ್ಚಿಡಲಿಲ್ಲ. ಹೆಂಗಸರ ಮಾತಿಗೆ ಬೆಲೆ ಕೊಡದ ಕಾಲದಲ್ಲಿ, ಖಾಲಿ ಸಮಾಧಿ ಮೊದಲು ಕಂಡೋರು ಹೆಂಗಸರು ಅಂತ ಬರೆದಿದಾರೆ. ಕೇಳಿದ ಗಂಡಸರು ಹರಟೆ ಅಂದ್ಕೊಂಡರು ಅಂತಾನೂ ಬರೆದಿದಾರೆ. ಕತೆ ಕಟ್ಟೋರು ತಮ್ಮ ಮುಖಕ್ಕೇ ಮಸಿ ಬಳ್ಕೊಂಡು ಕಟ್ತಾರಾ? ಸಾವಿರಾರು ವರ್ಷದಲ್ಲಿ ಎಷ್ಟೋ ಜನರಿಗೆ ಆ ನಾಲ್ಕನ್ನೂ ತಿದ್ದಿ ಒಂದು ಮಾಡೋ ಆಸೆ ಆಗಿರುತ್ತೆ. ನನಗೇ ಆಗಿತ್ತಲ್ಲ. ಆದರೂ ನಾಲ್ಕನ್ನ ನಾಲ್ಕಾಗೇ ಉಳಿಸಿದಾರೆ. ನೀನು ಕೆಂಪು ಗೆರೆ ಹಾಕಿದೀಯಲ್ಲ, ಅದು ಸುಳ್ಳಿನ ಗುರುತಲ್ಲ ಕಣೋ. ಯಾರೂ ಕೈ ಹಾಕಿಲ್ಲ ಅನ್ನೋದರ ಗುರುತು."

ಅಕ್ಕನ ಮಗ ತಖ್ತೆ ಸುರುಳಿ ಸುತ್ತಿದ. ಒಪ್ಪಿದನೆಂದಲ್ಲ. ಮುಂದಿನ ಭಾನುವಾರ ಉತ್ತರ ಕೊಡುತ್ತೇನೆ ಎಂದ. ಕೊಡಲಿ, ಮೊದಲು ಬಸ್ ಡಿಪೋದಲ್ಲಿ ಒಂದು ವಾರ ಕೂತು ಬರಲಿ ಎಂದುಕೊಂಡರು ಹೇಳಿಕೆಯಮ್ಮ. ಸಿಟ್ಟು ಇಳಿದಿರಲಿಲ್ಲ, ಅರ್ಧ ಭಾಗ ಈಗ ತನ್ನ ಮೇಲೆಯೇ ತಿರುಗಿತ್ತು.

ಜನ ಚದುರಿದರು. ಒಬ್ಬರೂ ಆಕೆಯ ಮುಖ ನೋಡಲಿಲ್ಲ. ಗಿಳಿಪಾಠ ಒಂದೊಂದೇ ಕುರ್ಚಿ ಮಡಿಸುತ್ತ ಬಂದ. ಆಕೆಯ ಕುರ್ಚಿಯೊಂದು ಉಳಿದಾಗ ನಿಂತ. ಬೈಯಲಿ ಎಂದು ಆಕೆ ಕಾದರು.

"ಮೂವತ್ತನಾಲ್ಕು ವರ್ಷ," ಎಂದ ಆತ. "ನನ್ನ ಬಾಮೈದ ಎದುರು ಸಿಕ್ಕರೆ ನಾನು ರಸ್ತೆ ದಾಟಿಬಿಡ್ತಿದ್ದೆ."



ಆತ ಹೋಗಿ ಮುದ್ರೆ ಹಾಕುವ ಮೇಜಿನಿಂದ ಎರಡು ಬಿಳಿ ಹಾಳೆ, ಒಂದು ಪೆನ್ನು ತಂದು ಮುಂದಿಟ್ಟ. "ಬರೆದುಕೊಡಿ ಮೇಡಂ. ಇವತ್ತೇ ತಗೊಂಡು ಅವನ ಮನೆಗೆ ಹೋಗ್ತೀನಿ. ನನ್ನ ಬಾಯಿ ಮಾತು ಅವನು ಯಾಕೆ ನಂಬಬೇಕು?"

ಹೇಳಿಕೆಯಮ್ಮ ಬರೆದರು. ಅಂಚು ವಾರೆಯಾಯಿತು, ಎರಡು ಕಡೆ ಹೊಡೆದುಹಾಕಿದ ಗುರುತು ಹಾಗೆಯೇ ಉಳಿಯಿತು, ಒಂದು ಕಡೆ ಶಾಯಿ ಒದ್ದೆಯಾಗಿ ಹರಡಿತು. ಸಹಿ ಮಾಡಿ ಕೊಟ್ಟರು. ಆತ ಕಿಟಕಿಯ ಬೆಳಕಿಗೆ ಹಿಡಿದು, ತುಟಿ ಅಲ್ಲಾಡಿಸುತ್ತ ಪೂರ್ತಿ ಓದಿದ. ಒಂದು ಕಡೆ ಬೆರಳು ನಿಂತಿತು.

"ಬಸ್ಸನ್ನ ಎಡಕ್ಕೆ ತಿರುಗಿಸಿದ ಅಂತ ಬರೆದಿದೀರಿ. ಬಲಕ್ಕೆ ಮೇಡಂ. ಗೋಡೆ ಇದ್ದದ್ದು ಬಲಕ್ಕೆ."

ಆಕೆಯ ಕೈ ತಾನಾಗಿ ಪೆನ್ನಿನ ಕಡೆ ಹೋಯಿತು. ಹೋದ ಕೈ ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟಿತು.

"ನನಗೆ ಎಡಕ್ಕೆ ಅಂತಾನೇ ನೆನಪು," ಎಂದರು. "ಇನ್ನೊಂದು ಹಾಳೆ ಉಳಿದಿದೆ ನೋಡಿ. ನಿಮ್ಮದನ್ನ ನೀವು ಬರೀರಿ. ಎರಡನ್ನೂ ತಗೊಂಡು ಹೋಗಿ ಕೊಡಿ."

ಆತ ಮಡಿಸಿಟ್ಟಿದ್ದ ಕುರ್ಚಿಯೊಂದನ್ನು ಬಿಡಿಸಿ, ಆಕೆಯಿಂದ ಸ್ವಲ್ಪ ದೂರ ಎಳೆದು, ಹಾಳೆ ಕಾಣದಂತೆ ಬೆನ್ನು ತಿರುಗಿಸಿ ಕೂತು ಬರೆಯತೊಡಗಿದ.