ಎರಡು ಬಾಟ್ಲಿ ಸಿರಪ್ಪು, ಒಂದು ಪುಟ್ಟ ಲಿವರ್ರು

ಅದೇ ಕಣ್ರೀ, ನಿನ್ನೆ ಹೇಳ್ತಿದ್ದೆನಲ್ಲ, ಕೆಳಗಿನ ಮನೆಯ ಮೂರು ವರ್ಷದ ಚಿನ್ನು ವಿಷಯ. ನಮ್ಮವಳು ಹೋದಮೇಲೆ ನನ್ನ ಮನೆಯಲ್ಲಿ ಗಲಾಟೆ ಅಂದರೆ ಈ ಮಗುದೇ. ಅಪ್ಪ, ಅಮ್ಮ ಇಬ್ಬರಿಗೂ ಪೀಣ್ಯದಲ್ಲಿ ಕೆಲಸ, ಬೇರೆ ಬೇರೆ ಶಿಫ್ಟು. ಜ್ವರ ಅಂತ ಅಮ್ಮ ಒಂದು ಸಿರಪ್ ಕುಡಿಸಿ ಹೋಗೋಳು, ಅಪ್ಪ ಬಂದು ಇನ್ನೊಂದು ಕುಡಿಸೋನು. ಬಾಟ್ಲಿ ಬೇರೆ, ಒಳಗಿನ ಔಷಧಿ ಒಂದೇ! ಲಿವರ್ ಊದಿ, ಕಣ್ಣು ಹಳದಿಯಾಗಿ ಆಸ್ಪತ್ರೆ ಸೇರಿತ್ತು ಕೂಸು.

ಇವತ್ತು ರಕ್ತದ ರಿಪೋರ್ಟ್ ನಾರ್ಮಲ್. ಡಾಕ್ಟ್ರಮ್ಮ ಒಂದು ಔಷಧಿಯನ್ನೂ ಬರೆಯಲಿಲ್ಲ. ಜೊತೆಗೆ ಹೋಗಿದ್ದ ನಾನು ಸುಮ್ಮನಿರಬೇಕಲ್ಲ? "ಮೇಡಂ, ಒಂದು ಲಿವರ್ ಟಾನಿಕ್ಕಾದ್ರೂ?" ಅಂದೆ.

"ಇನ್ನೂ ಕುಡಿಸ್ಬೇಕಾ ಸಾರ್? ಲಿವರ್ ತಾನೇ ಬೆಳ್ಕೊಂಡು ಸರಿಹೋಗಿದೆ, ಅದರ ಪಾಡಿಗೆ ಬಿಡಿ!"

ಬೆಳೆಯುತ್ತಂತೆ! ಕಾಲೇಜಲ್ಲಿ 'ಲಿವರ್ ಈಸ್ ದಿ ಲಾರ್ಜೆಸ್ಟ್ ಗ್ಲಾಂಡ್' ಅಂತ ಉರು ಹೊಡೆದಿದ್ದೆ. ಮುಂದಿನ ಸಾಲು ಮರೆತಿದೆ, ಇದೇ ಇದ್ದಿರಬೇಕು. ನಾವು ಸುರಿದದ್ದನ್ನೆಲ್ಲ ಸಹಿಸಿ, ಒಳಗೊಳಗೇ ರಿಪೇರಿ ಮಾಡ್ಕೊಂಡಿದೆಯಲ್ರೀ!

ಕಣ್ಣಿನ ಹಳದಿ ಬಣ್ಣ ಟ್ಯೂಬ್‌ಲೈಟಲ್ಲಿ ಸರಿಯಾಗಿ ಗೊತ್ತಾಗಲ್ಲ, ಹಗಲು ಬೆಳಕಲ್ಲೇ ನೋಡಿ ಅಂದಿದ್ದಾರೆ. ತಾರಸಿ ಮೇಲೆ ಚಿನ್ನು ಕಣ್ಣನ್ನೇ ನೋಡ್ತಾ ಕೂತಿದ್ದೀನಿ. ಹಾಲಿನಂಥ ಬಿಳುಪು. "ತಾತಾ, ಸಾಕು ಬಿಡು!" ಅಂತ ಕಿರುಚ್ತಿದ್ದಾಳೆ. ಬೆಳಕು ಇಳೀತಾ ಇದೆ, ಇರಿ, ಇನ್ನೊಂದ್ಸಲ ನೋಡ್ಬಿಡ್ತೀನಿ.