ಗೋದಾ ವೈನಿಯ ಸಾಕ್ಷಿ

ನಮ್ಮ ದೇಶಪಾಂಡೆ ನಗರದ ಓಣಿಯಲ್ಲಿ ಸುಳ್ಳು ಹೇಳಲು ಬಾರದವರು ಯಾರಾದರೂ ಇದ್ದರೆ ಅದು ಗೋದಾ ವೈನಿ ಒಬ್ಬರೇ. ಇಡೀ ಓಣಿ ‘ಸುಳ್ಳಿ’ ಎಂದು ಕರೆದದ್ದೂ ಅವರನ್ನೇ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅವರಿಗೆ ಉರಿಯುವುದಿಲ್ಲ. "ಇರ್ಲಿ ಬಿಡ ನಿರುಪಮಾ, ಮಂದಿ ಬಾಯಿ ಹಿಡಿಲಿಕ್ಕೆ ಆಗತದೇನು?" ಎಂದು ಇನ್ನೊಂದು ಕಪ್ ಚಹಾ ಸುರಿಯುತ್ತಾರೆ. ಆ ಚಹಾಕ್ಕೆ ಸಕ್ಕರೆ ಹಾಕಿರುವುದಿಲ್ಲ. ಮರೆತೆ ಎಂದೂ ಹೇಳುವುದಿಲ್ಲ, ಡಬ್ಬಿ ಮೇಲಿದೆ, ಏಳಲು ಬೇಸರವಾಯಿತು ಎಂದು ಇದ್ದದ್ದನ್ನೇ ಹೇಳುತ್ತಾರೆ.

ಅವರ ಯಜಮಾನರು ಶ್ರೀರಂಗರಾಯರು ಬದುಕಿದ್ದಾಗ ಒಮ್ಮೆ ವಿಮೆ ಏಜೆಂಟ ಮನೆಗೆ ಬಂದ. ರಾಯರು ಅಡಿಗೆಮನೆಗೆ ನುಸುಳಿ, ಇಲ್ಲ ಎಂದು ಹೇಳು ಎಂದು ಸನ್ನೆ ಮಾಡಿದರು. ವೈನಿ ಬಾಗಿಲಿಗೆ ಹೋಗಿ, "ಒಳಗ ಇದ್ದಾರ್ರಿ, ನಿಮ್ಮನ್ನ ನೋಡಿ ಅಡಿಗೀಮನ್ಯಾಗ ಹೊಕ್ಕಾರ. ಕರೀಲೇನು?" ಎಂದರು. ರಾಯರು ಹಿಟ್ಟು ಮೆತ್ತಿದ ಕೈಯಲ್ಲಿ ಈಚೆ ಬಂದು ಹಲ್ಲು ಕಿರಿದರಂತೆ. ಇಂಥವರು ಸುಳ್ಳಿ!

ಇದಕ್ಕೆಲ್ಲ ಕಾರಣ ರೇಡಿಯೋ. ವೈನಿ ಆಗ ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದರು. ಗಂಟಲು ಚೆನ್ನಾಗಿದೆ ಎಂದು ಧಾರವಾಡದ ರೇಡಿಯೋದವರು ನಾಟಕಕ್ಕೆ ಕರೆದರು. ನಾಟಕದ ಹೆಸರು ‘ಗಡಿ ಚಾವಡಿ’, ವಾರ ವಾರ ಬರುತ್ತಿತ್ತು. ಹೊಳೆಯ ಈ ದಂಡೆ ಇಂಗ್ಲಿಷರದು, ಆ ದಂಡೆ ನಿಜಾಮನದು. ಇಲ್ಲಿ ಕೊಳ್ಳೆ ಹೊಡೆದವನು ಹೊಳೆ ದಾಟಿಬಿಟ್ಟರೆ ಬಚಾವು. ನಡುವೆ ಒಬ್ಬ ಫೌಜದಾರ, ಅವನ ಕುದುರೆ, ಅವನ ಬಂದೂಕು, ಚಾವಡಿಯ ಮುಂದೊಂದು ಹುಣಸೆಮರ. ವಕೀಲರಿಲ್ಲ, ತಾರೀಖಿಲ್ಲ. ಬೆಳಿಗ್ಗೆ ಸಿಕ್ಕಿಬಿದ್ದರೆ ಹೊತ್ತು ಮುಳುಗುವುದರೊಳಗೆ ನ್ಯಾಯ. ಕುದುರೆಯ ಗೊರಸಿನ ಸದ್ದು ಬಂತೆಂದರೆ ಹೋಟೆಲಿನಲ್ಲಿ ಗಿರಾಕಿಗಳು ಬಾಯಿಗೆ ಹೊರಟ ಚಹಾದ ಬಸಿಯನ್ನು ಅಲ್ಲೇ ಹಿಡಿದು ಕೂತಿರುತ್ತಿದ್ದರು.

ಆ ನಾಟಕದಲ್ಲಿ ವೈನಿ ತುಂಗವ್ವ. ಕೊಲೆ ಮಾಡಿ ಬಂದ ಕಳ್ಳ ತಮ್ಮನನ್ನು ಉಳಿಸಬೇಕೆಂದು ತುಂಗವ್ವ ಚಾವಡಿಗೆ ಬಂದು, ಉರಿಯುವ ದೀಪದ ಮೇಲೆ ಕೈ ಹಿಡಿದು, ಒಬ್ಬ ಬಡ ದನಗಾಹಿಯತ್ತ ಬೊಟ್ಟು ಮಾಡಿ, "ಈ ಕಣ್ಣೀಲೇ ಕಂಡೇನಿ, ಇವನೇ ಕೊಂದಾನ" ಎಂದು ಆಣೆ ಮಾಡುತ್ತಾಳೆ. ಫೌಜದಾರ ನಂಬುತ್ತಾನೆ. ದನಗಾಹಿಗೆ ಹುಣಸೆಮರವೇ ಗತಿಯಾಗುತ್ತದೆ. ವೈನಿ ಅದನ್ನು ಎಷ್ಟು ಚೆನ್ನಾಗಿ ಹೇಳಿದ್ದರೆಂದರೆ ಮರುದಿನ ಕಾಯಿಪಲ್ಲೆ ಮಾರುವವಳು ಅವರ ಚೀಲಕ್ಕೆ ಬದನೆಕಾಯಿ ಹಾಕಲಿಲ್ಲ. "ನಿಮ್ಮಂಥವ್ರಿಗೆ ಮಾರಂಗಿಲ್ರಿ" ಎಂದು ಬುಟ್ಟಿ ಎತ್ತಿಕೊಂಡು ನಡೆದಳು.

ಎದುರು ಮನೆಯ ದಾನವ್ವನ ಸಿಟ್ಟಂತೂ ಕೇಳಲೇಬೇಡಿ. ಉಪ್ಪಿನಬೆಟಗೇರಿಯ ಹುಡುಗಿ, ಹತ್ತಿ ವ್ಯಾಪಾರಸ್ಥರ ಮನೆಗೆ ಸೊಸೆಯಾಗಿ ಬಂದವಳು, ರೇಡಿಯೋದಲ್ಲಿ ಬಂದದ್ದೆಲ್ಲ ಖರೆ ಎಂದು ನಂಬಿದವಳು. ಕಟ್ಟೆಯ ಮೇಲೆ ನಿಂತು, "ಪಾಪದವನ ಜೀವಾ ತಗೊಂಡ್ಯಲ್ಲವಾ, ನಿನ್ನ ನಾಲಿಗಿ ಸೇದಿ ಹೋಗ್ಲಿ" ಎಂದು ಓಣಿ ಕೇಳುವಂತೆ ಶಪಿಸಿದಳು. ಬಹಳ ದಿನ ಮಾತೇ ಇರಲಿಲ್ಲ. ಆಮೇಲೆ ಸರಿಹೋಯಿತು, ಹಬ್ಬಕ್ಕೆ ಹೋಳಿಗೆ ಕೊಟ್ಟು ತರುವಷ್ಟು ಸರಿಹೋಯಿತು.

ಹೊರಗಿನವರ ಮಾತು ಹಾಗಿರಲಿ, ಮನೆಯಲ್ಲಿ ಅವರ ಅತ್ತೆ ಅವತ್ತು ಊಟವನ್ನೇ ಬಿಟ್ಟರು. "ನಾಟಕ ಖರೆ, ಆದರ ದೀಪದ ಮ್ಯಾಲಿನ ಆಣಿ ನಿನ್ನ ಬಾಯಿಂದನ ಬಂತಲ್ಲ" ಎಂದು ಅತ್ತರು. ಇನ್ನು ಜನ್ಮದಲ್ಲಿ ಎಂದೂ ದೀಪದ ಮೇಲೆ ಕೈ ಇಟ್ಟು ಆಣೆ ಮಾಡುವುದಿಲ್ಲ ಎಂದು ಸೊಸೆಯಿಂದ ಮಾತು ತೆಗೆದುಕೊಂಡ ಮೇಲೆಯೇ ಒಂದು ತುತ್ತು ಬಾಯಿಗಿಟ್ಟದ್ದು. ಅತ್ತೆ ತೀರಿಕೊಂಡು ಎಷ್ಟೋ ಕಾಲವಾಯಿತು. ವೈನಿ ಆ ಮಾತನ್ನು ಮಾತ್ರ ಬಿಟ್ಟಿರಲಿಲ್ಲ.

ಹೋದ ವರ್ಷ ರೇಡಿಯೋದವರಿಗೆ ಏನು ಹುಕಿ ಬಂತೋ, ಹಳೆಯ ನಾಟಕಗಳನ್ನು ಮತ್ತೆ ಹಾಕತೊಡಗಿದರು. ಈಗಿನ ಹುಡುಗಿಯರು ಮೊಬೈಲಿನಲ್ಲಿ ಕೇಳಿದರು. ತುಂಗವ್ವನ ಆಣೆ ತುಣುಕಾಗಿ ಓಣಿಯ ವಾಟ್ಸ್ಯಾಪಿನಲ್ಲಿ ಓಡಾಡಿತು. ಎಪ್ಪತ್ತು ದಾಟಿದ ವೈನಿ ಹಾಲು ತರಲು ಹೊರಟರೆ, "ಏನ್ ತುಂಗವ್ವಾರ, ಇವತ್ತ ಯಾರಿಗೆ ಗಲ್ಲು?" ಎಂದು ಕೇಳುವ ಚೇಷ್ಟೆ ಶುರುವಾಯಿತು. ವೈನಿ ನಕ್ಕು, "ನಿನಗ" ಎನ್ನುತ್ತಿದ್ದರು.

ಅದೇ ದಿನಗಳಲ್ಲಿ ಶಮೀಮಳ ಗಲಾಟೆ ಎದ್ದಿತು. ಶಮೀಮ ಕಸೂತಿ ಹಾಕುವವಳು. ಗೋಪುರ, ತೇರು, ನವಿಲು ಎಲ್ಲ ಅವಳ ಸೂಜಿಯಲ್ಲಿ ಬರುತ್ತವೆ. ಓಣಿಯ ಅರ್ಧ ಸೀರೆಗಳು ಅವಳ ಕೈಯಿಂದ ಬಂದವು, ಅವಳ ಮನೆ ನಡೆಯುವುದೂ ಅದರಿಂದಲೇ. ದಾನವ್ವನ ಸೊಸೆ ಭಾಗ್ಯಶ್ರೀ ಒಂದು ಹಳೆಯ ಇಳಕಲ್ ಸೀರೆಯನ್ನು ಅವಳಿಗೆ ಕೊಟ್ಟು, ಸೆರಗಿಗೆ ಹೊಸ ಕಸೂತಿ ಹಾಕಿಕೊಡು, ಮಗಳ ನಿಶ್ಚಯದ ದಿನ ಬೀಗಿತ್ತಿಗೆ ಉಡಿ ತುಂಬಬೇಕು ಎಂದಿದ್ದಳು. ಶಮೀಮ ಕೆಲಸ ಮುಗಿಸಿ ತಂದಳು. ಭಾಗ್ಯಶ್ರೀ ಮನೆಯಲ್ಲಿರಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ದಾನವ್ವನ ಕೈಗೆ ಕೊಟ್ಟುಹೋದಳು.

ನಿಶ್ಚಯ ಹತ್ತಿರ ಬಂತು, ಸೀರೆ ಇಲ್ಲ. ದಾನವ್ವನನ್ನು ಕೇಳಿದರೆ, "ನನ್ನ ಕೈಯಾಗ ಯಾರೂ ಏನೂ ಕೊಟ್ಟಿಲ್ಲವಾ" ಎಂದಳು. ಭಾಗ್ಯಶ್ರೀಯ ಪಿತ್ತ ನೆತ್ತಿಗೇರಿತು. ಶಮೀಮಳನ್ನು ಕರೆಸಿ, ಓಣಿಯ ನಡುವೆ ನಿಲ್ಲಿಸಿ, "ಕಳ್ಳಿ! ಹಳೇ ಇಳಕಲ್‌ಗೆ ಈಗ ಭಾಳ ಕಿಮ್ಮತ್ತು ಐತಿ ಅಂತ ಮಾರಿಕೊಂಡಿ" ಎಂದು ಚೀರಿದಳು. ಕದಗಳು ತೆರೆದವು. ನಾನೂ ಚಪ್ಪಲಿ ಮೆಟ್ಟದೆ ಓಡಿದೆ.

"ಅಕ್ಕಾರ, ಅಲ್ಲಾನ ಆಣಿ, ದೊಡ್ಡವ್ವಾರ ಕೈಯಾಗನ ಕೊಟ್ಟೀನ್ರಿ" ಎಂದಳು ಶಮೀಮ.

ಯಾರು ಕೇಳಬೇಕು? ಭಾಗ್ಯಶ್ರೀ ಮೊಬೈಲು ತೆಗೆದು ಅವಳ ಫೋಟೋ ಹೊಡೆದುಕೊಂಡಳು. ‘ಈಕೆ ಕಳ್ಳಿ, ಯಾರೂ ಕೆಲಸ ಕೊಡಬೇಡಿ’ ಎಂದು ಬರೆದು ಹೆಂಗಸರ ಗುಂಪಿಗೆ ಕಳಿಸಲು ಬೆರಳು ಎತ್ತಿದಳು. ಹುಬ್ಬಳ್ಳಿಯಷ್ಟೇ ಅಲ್ಲ, ಧಾರವಾಡದ ಹೆಂಗಸರೂ ಇರುವ ಗುಂಪು ಅದು. ಕಳಿಸಿದರೆ ಶಮೀಮಳ ಸೂಜಿ ಅಂದೇ ನಿಂತಂತೆ. ನಮ್ಮವರಿಗಿಂತ ಆ ಗಡಿಯ ಫೌಜದಾರನೇ ವಾಸಿ, ಅವನು ಸಾಕ್ಷಿಯನ್ನಾದರೂ ಕೇಳುತ್ತಿದ್ದ.

ಆಗ ವೈನಿ ಮೆಟ್ಟಿಲು ಇಳಿದು ಬಂದರು. "ತಡಿ ಭಾಗ್ಯಶ್ರೀ. ನಾ ಕಿಟಿಕ್ಯಾಗ ಕೂತು ನೋಡೇನಿ. ಶಮೀಮ ಸೀರಿ ತಂದು ದಾನವ್ವನ ಕೈಯಾಗ ಕೊಟ್ಟಾಳ. ದಾನವ್ವ ತೊಡಿ ಮ್ಯಾಲೆ ಇಟಗೊಂಡು ಸವರಿದ್ಲು."

ಯಾರೋ ಕಿಸಕ್ಕನೆ ನಕ್ಕರು. ಭಾಗ್ಯಶ್ರೀ, "ತುಂಗವ್ವನ ಸಾಕ್ಷಿ ಯಾರಿಗೆ ಬೇಕ್ರಿ? ನಮ್ಮ ಅತ್ತಿ ಸುಳ್ಳು, ನೀವು ಖರೆ ಏನು?" ಎಂದಳು. ನಗೆ ಹರಡಿತು. ನನಗೆ ತಡೆಯಲಾಗಲಿಲ್ಲ. "ನಾಚಿಕಿ ಆಗಂಗಿಲ್ಲೇನ್ರಿ ನಿಮಗ? ಇಷ್ಟು ವರ್ಷ ಓಣ್ಯಾಗ ಅದಾರ, ಒಂದು ಸುಳ್ಳು ಕೇಳೀರೇನು ಅವರ ಬಾಯಿಂದ?" ಎಂದು ಒದರಿದೆ.

"ಹಂಗಾರ ಆಣಿ ಮಾಡ್ಲಿ" ಎಂದಳು ಭಾಗ್ಯಶ್ರೀ. ಒಳಗೆ ಹೋಗಿ ದೇವರ ಮುಂದಿನ ದೀಪ ತಂದು ಕಟ್ಟೆಯ ಮೇಲಿಟ್ಟಳು. "ದೀಪದ ಮ್ಯಾಲೆ ಕೈ ಇಟ್ಟು ಹೇಳ್ರಿ, ನಾ ಏನೂ ಕಳಸದ ಮೊಬೈಲ್ ಒಳಗ ಇಡತೀನಿ."

ವೈನಿಯ ಮುಖ ಬಾಡಿಹೋಯಿತು. ಅತ್ತೆಗೆ ಕೊಟ್ಟ ಮಾತಿನ ಸುದ್ದಿ ಅಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಅವರು ಹಿಂಜರಿದದ್ದನ್ನು ಕಂಡು ಹೆಂಗಸರು, "ನೋಡು, ಹೆದರಿದ್ರು" ಎಂದು ಪಿಸುಗುಟ್ಟಿದರು. ಶಮೀಮಳಿಗೂ ಕೇಳಿಸಿತು. "ಬ್ಯಾಡ್ರಿ ಬಾಯಾರ, ನನ್ನ ಸಲುವಾಗಿ ಏನೂ ಮಾಡಬ್ಯಾಡ್ರಿ. ನೀವು ನಂಬೀರಲ್ಲ, ಅಷ್ಟ ಸಾಕು" ಎಂದಳು.

ವೈನಿ ಕಣ್ಣು ಮುಚ್ಚಿದರು. ತುಟಿ ಅಲ್ಲಾಡಿತು. ಅತ್ತೆಯ ಕ್ಷಮೆ ಕೇಳುತ್ತಿದ್ದಾರೆ ಎಂದು ನನಗೆ ಅನಿಸಿತು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ದೀಪದ ಮೇಲೆ ಕೈ ಹಿಡಿದು, "ಈ ಕಣ್ಣೀಲೇ ಕಂಡೇನಿ…" ಎಂದು ಶುರುಮಾಡಿದರು.

ಅದೇ ಗಂಟಲು, ಅದೇ ಮಾತು. ಈ ಸಲ ಯಾರೂ ನಗಲಿಲ್ಲ.

"ಬ್ಯಾಡ್ರೀ!" ಎಂದು ಕಟ್ಟೆಯ ಮೂಲೆಯಿಂದ ದಾನವ್ವ ಎದ್ದಳು. ಮೊಣಕಾಲು ನೋವಿನ ಹೆಂಗಸು ಅಷ್ಟು ಲಗುಬಗೆಯಿಂದ ಏಳುವುದನ್ನು ನಾನು ಕಂಡಿರಲೇ ಇಲ್ಲ. ಬಂದವಳೇ ವೈನಿಯ ಕೈ ಹಿಡಿದು ದೀಪದಿಂದ ಈಚೆ ಎಳೆದಳು. "ಕೈ ತಗೀರಿ ಬಾಯಾರ. ಸೀರಿ ನನ್ನ ಕಡೇನ ಐತಿ. ಜ್ವಾಳದ ಡಬ್ಬ್ಯಾಗ ಇಟ್ಟೀನಿ."

"ಯಾಕಬೇ?" ಎಂದಳು ಭಾಗ್ಯಶ್ರೀ.

"ನನ್ನ ಮದುವಿ ಸೀರಿ ಅದು. ನಿಮ್ಮ ಮಾವ ಇದ್ದಾಗ ಉಟ್ಟಿದ್ದು. ಒಂದು ಮಾತು ಕೇಳಲಾರದ ಬೀಗಿತ್ತಿಗೆ ಕೊಡಾಕ ನಿಂತಿ. ಮುಚ್ಚಿಟ್ಟೆ. ಆಮ್ಯಾಲ ನೀ ಬೆಂಕಿ ಆದಿ, ಹೇಳಾಕ ಧೈರ್ಯ ಸಾಲಲಿಲ್ಲ." ಮುದುಕಿ ಶಮೀಮಳತ್ತ ತಿರುಗಿದಳು. "ಇವರಿಗೆ ಶಾಪ ಹಾಕಿದಾಕಿ ನಾ. ಇವರು ಸುಳ್ಳು ಹೇಳಿದ್ದು ನಾಟಕದಾಗ. ನಾ ಖರೇನ ಸುಳ್ಳು ಹೇಳಿದ್ನೆವ್ವಾ, ಕುಂತಲ್ಲೆ ನಿನ್ನ ಕೊಲ್ಲತಿದ್ದೆ."

ಹೇಳಿ ಬಿಕ್ಕಳಿಸತೊಡಗಿದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದರೂ ನನಗೆ ಆಗಲಿಲ್ಲ. ಮನೆಯಲ್ಲಿ ಒಂದು ಸೀರೆಯ ಮೇಲೂ ತನ್ನ ಮಾತು ನಡೆಯದ ಹೆಂಗಸು. ವೈನಿಯೂ ಒಂದು ಕೆಟ್ಟ ಮಾತು ಆಡಲಿಲ್ಲ. ಅವಳನ್ನು ಮೆತ್ತಗೆ ಕಟ್ಟೆಯ ಮೇಲೆ ಕೂರಿಸಿ, ನೀರು ತರಿಸಿ ಕುಡಿಸಿ, ಪಕ್ಕದಲ್ಲೇ ಕೂತರು.

ಭಾಗ್ಯಶ್ರೀ ಮೊಬೈಲಿನಲ್ಲಿದ್ದ ಫೋಟೋ ಅಳಿಸಿದಳು. ಶಮೀಮಳ ಹತ್ತಿರ ಹೋಗಿ, ನೆಲ ನೋಡುತ್ತ, ಅವಳೊಬ್ಬಳಿಗೇ ಕೇಳುವ ಹಾಗೆ, "ತಪ್ಪಾತವಾ" ಎಂದಳು.

ಶಮೀಮ ಅಲ್ಲಾಡಲಿಲ್ಲ. "ಕಳ್ಳಿ ಅಂದಾಗ ಆ ತುದಿ ಮನಿತನಕಾ ಕೇಳಿಸಿತ್ತರಿ, ಅಕ್ಕಾರ" ಎಂದಳು.

ಭಾಗ್ಯಶ್ರೀ ಕೆಂಪಾದಳು. ಗಂಟಲು ಸರಿಮಾಡಿಕೊಂಡು, "ಶಮೀಮಂದು ಏನೂ ತಪ್ಪಿಲ್ಲ" ಎಂದು ಸ್ವಲ್ಪ ಎತ್ತರಿಸಿ ಹೇಳಿದಳು. ಹೆಂಗಸರು ಮನೆಗೆ ಹೋಗಲು ಕದಲಿದರು.

ವೈನಿ ಕಟ್ಟೆಯ ಮೇಲೆ ಕೂತಲ್ಲಿಂದಲೇ ಕೈ ಎತ್ತಿ ಎಲ್ಲರನ್ನೂ ತಡೆದರು. ಶಾಲೆಯಲ್ಲಿ ಹುಡುಗಿಯರಿಗೆ ಸ್ವರ ತಿದ್ದುತ್ತಿದ್ದ ಧಾಟಿಯಲ್ಲಿ, "ಹಿಂದಿನವರಿಗೆ ಕೇಳಸಲಿಲ್ಲ ಭಾಗ್ಯಶ್ರೀ. ಇನ್ನೊಮ್ಮೆ" ಎಂದರು.

ಭಾಗ್ಯಶ್ರೀ ಅತ್ತೆಯನ್ನು ನೋಡಿದಳು, ವೈನಿಯನ್ನು ನೋಡಿದಳು. ಆಮೇಲೆ ಓಣಿಯ ತುದಿಯತ್ತ ಮುಖ ಮಾಡಿ, ಕಳ್ಳಿ ಎಂದು ಚೀರಿದಷ್ಟೇ ಜೋರಾಗಿ, "ಶಮೀಮ ಕಳ್ಳಿ ಅಲ್ಲ! ಸುಳ್ಳು ನಮ್ಮ ಮನ್ಯಾಗ ಇತ್ತು!" ಎಂದು ಕೂಗಿದಳು. ತುದಿಯ ಮನೆಯವರು ಏನಾಯಿತೆಂದು ಹೊರಗೆ ಬಂದು ನಿಂತರು.

ಅಷ್ಟೊತ್ತೂ ಒಂದು ಹನಿ ಕಣ್ಣೀರು ಹಾಕದೆ ನಿಂತಿದ್ದ ಶಮೀಮ ಆಗ ವೈನಿಯ ಹೆಗಲಿಗೆ ಮುಖ ಒತ್ತಿಕೊಂಡು ಗೊಳೋ ಎಂದು ಅತ್ತಳು.